ಅಧ್ಯಕ್ಷೆ ಆದ್ಮೇಲೆ ಹಸೂಗೂ ಪ್ರಮೋಷನ್ನಾ?

ನಮ್ಮೂರ ಹಾಲಿನ ಸಂಘಕ್ಕೆ ನಾನು ಅಧ್ಯಕ್ಷೆಯಾಗಿ ಹನ್ನೊಂದು ದಿನ ಆಗಿತ್ತು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಚೀಟಿ ತಗೊಂಡೆ. ಫ್ಯಾಟ್ 4.6 ಅಂತ ಬಂದಿತ್ತು. ಫ್ಯಾಟ್ ಅಂದರೆ ಹಾಲಿನ ಜಿಡ್ಡು, ಅದು ಜಾಸ್ತಿ ಇದ್ದಷ್ಟೂ ದುಡ್ಡು ಜಾಸ್ತಿ.

ನಮ್ಮದು ಎಚ್‌ಎಫ್ ಹಸು. ಊರಲ್ಲಿ ಸೀಮೆಹಸು ಅಂತಾರಲ್ಲ, ಅದು. ಹಾಲು ಜಾಸ್ತಿ, ಜಿಡ್ಡು ಕಮ್ಮಿ. ಮೂರು ವರ್ಷದಿಂದ ಅದರ ಫ್ಯಾಟ್ 3.6, 3.7, ಹಬ್ಬಕ್ಕೊಮ್ಮೆ 3.8. ಅಂಥದ್ದು ಒಂದೇ ವಾರದಲ್ಲಿ 4.6ಕ್ಕೆ ಹಾರಬೇಕಾದರೆ ಮೇವಾದರೂ ಬದಲಾಗಬೇಕು, ಹಸುವಾದರೂ ಬದಲಾಗಬೇಕು. ನಮ್ಮ ಕೊಟ್ಟಿಗೆಯಲ್ಲಿ ಅದೇ ಹಸು, ಅದೇ ಜೋಳದ ಕಡ್ಡಿ, ಅದೇ ಬೂಸಾ.

ಚೀಟಿ ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದೆ. ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಇಪ್ಪತ್ತೊಂದು ದಿನವೂ ಹೇಳಲಿಲ್ಲ.

ಈಚೆಗೆ ಡೈರಿಗೆ, ಸ್ತ್ರೀಶಕ್ತಿ ಗುಂಪಿಗೆ, ಪಂಚಾಯ್ತಿಗೆ ಹೊಸದಾಗಿ ಆರಿಸಿ ಬಂದ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. 'ಅಕ್ಕಾ, ಐದು ವರ್ಷ ಹೆಂಗೆ ನಡೆಸಿದ್ರಿ? ಸ್ವಲ್ಪ ಹೇಳಿಕೊಡಿ' ಅಂತ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಭಾಷಣ ಮಾಡೋದು, ಠರಾವು ಬರೆಯೋದು, ಆಫೀಸರ್ ಹತ್ತಿರ ಮಾತಾಡೋದು. ಅದೆಲ್ಲ ಮೂರು ತಿಂಗಳಲ್ಲಿ ಬಂದುಬಿಡುತ್ತೆ. ಅದಕ್ಕೆ ತರಬೇತಿಯೂ ಇದೆ, ಊಟ ಹಾಕಿ ಬ್ಯಾಗು ಕೊಟ್ಟು ಕಳಿಸುತ್ತಾರೆ. ನಮ್ಮನ್ನು ನಾವು ಹಿಡಿದುಕೊಳ್ಳೋದು ಹೇಗೆ ಅನ್ನೋದಕ್ಕೆ ಮಾತ್ರ ಯಾರೂ ತರಬೇತಿ ಕೊಡಲ್ಲ. ನಾನು ಎಡವಿದ್ದೆಲ್ಲ ಅಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಇಷ್ಟು ಸಾಕು: ಓದಿದ್ದು ಪಿಯುಸಿ. ಊರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ನಮ್ಮ ತೆಂಗಿನ ತೋಟದ ಬದುವಿನ ಮೇಲೆ ನಿಂತರೆ ಶ್ರವಣಬೆಳಗೊಳದ ದೊಡ್ಡಬೆಟ್ಟ ಕಾಣುತ್ತೆ. ನಮ್ಮದು ಮಹಿಳೆಯರದ್ದೇ ಹಾಲು ಉತ್ಪಾದಕರ ಸಂಘ. ನನ್ನ ಕಾಲದಲ್ಲಿ ಹಾಲು ಹಾಕುತ್ತಿದ್ದವರು 86 ಜನ. 2018ರ ಫೆಬ್ರವರಿಯಲ್ಲಿ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಆಯಿತಲ್ಲ, ಅದೇ ವರ್ಷ ನಾನು ಅಧ್ಯಕ್ಷೆಯಾದೆ.

ಮೊದಲ ವಾರದ ಕೆಲಸ: ಒಂದು ಹಾಳೆ

ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನ ರಾತ್ರಿ ಒಂದು ಹಾಳೆ ತಗೊಳ್ಳಿ. ಈ ಕುರ್ಚಿಯಿಂದ ನನಗೆ ಸುಮ್ನೆ ಕೂತಲ್ಲೇ ಏನೇನು ಲಾಭ ಬರಬಹುದು ಅಂತ ಬರೆಯಿರಿ. ಕೇಳದೇ ಬರುವಂಥದ್ದು ಮಾತ್ರ. ಕೇಳಿ ತಗೊಳ್ಳೋ ಲಂಚ ಎಲ್ಲರಿಗೂ ಗೊತ್ತಾಗುತ್ತೆ. ಕೇಳದೇ ಬರೋದು ಗೊತ್ತೇ ಆಗಲ್ಲ.

ನಾನು ಈ ಹಾಳೆ ಬರೆದದ್ದು ತಡವಾಗಿ, ಪೆಟ್ಟು ತಿಂದ ಮೇಲೆ. ಅದರಲ್ಲಿ ಇದ್ದದ್ದು ಇಷ್ಟು. ಸಾಲಿನಲ್ಲಿ ನಿಲ್ಲದೇ ಮುಂದೆ ಹೋಗಿ ಹಾಲು ಹಾಕೋದು. ಬೂಸಾ ಲೋಡ್ ಬಂದಾಗ ಒಳ್ಳೇ ಚೀಲ ಆರಿಸಿಕೊಳ್ಳೋದು. ಬಟವಾಡೆಗೆ ಮುಂಚೆ ಮುಂಗಡ. ನಾದಿನಿ, ಓರಗಿತ್ತಿಯರ ಹಾಲು ಸ್ವಲ್ಪ ತೆಳುವಾಗಿದ್ದರೂ ಯಾರೂ ಮಾತಾಡದೇ ಇರೋದು. ಸಭೆಯಲ್ಲಿ ನಾನು ಹೇಳಿದ್ದಕ್ಕೆ ಎಲ್ಲರೂ ತಲೆ ಆಡಿಸೋದು. ಆರನೆಯದು ಫ್ಯಾಟ್.

ಆ ಫ್ಯಾಟಿನ ಕಥೆಯನ್ನೇ ಪೂರ್ತಿ ಹೇಳಿಬಿಡುತ್ತೇನೆ.

ಹಾಲು ಕ್ಯಾನಿನಲ್ಲಿ ಸ್ವಲ್ಪ ಹೊತ್ತು ಅಲುಗಾಡದೇ ನಿಂತರೆ ಜಿಡ್ಡು ಮೇಲಕ್ಕೆ ಬರುತ್ತೆ. ಅದಕ್ಕೇ ಸಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕಬೇಕು. ಕಲಕದೇ ಮೇಲಿನಿಂದ ಒಂದು ಸೌಟು ತೆಗೆದು ಮಿಷಿನ್‌ಗೆ ಹಾಕಿದರೆ ಫ್ಯಾಟ್ ಜಾಸ್ತಿ ತೋರಿಸುತ್ತೆ. ಮಿಷಿನ್ ಸುಳ್ಳು ಹೇಳಲ್ಲ, ಹಾಕಿದ್ದಕ್ಕೆ ಉತ್ತರ ಕೊಡುತ್ತೆ ಅಷ್ಟೆ. ನಮ್ಮ ಮನೆ ಊರಿನ ಕೊನೆಯಲ್ಲಿ. ನಾನು ಕ್ಯಾನ್ ಇಟ್ಟು ಅವರಿವರ ಹತ್ತಿರ ಮಾತಾಡಿ ನನ್ನ ಸರದಿ ಬರುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತಿತ್ತು. ಟೆಸ್ಟರ್ ಹುಡುಗಿ ಎಲ್ಲರ ಹಾಲನ್ನೂ ಕಲಕುತ್ತಿದ್ದಳು. ನನ್ನದನ್ನು ಮಾತ್ರ ಕಲಕುತ್ತಿರಲಿಲ್ಲ.

ನಾನು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಕಾಯಂ ಮಾಡುವ ಠರಾವಿಗೆ ಸಹಿ ಹಾಕಬೇಕಾದವಳು ನಾನು. ಇದನ್ನು ಅರ್ಥ ಮಾಡಿಕೊಳ್ಳೋಕೆ ಬುದ್ಧಿವಂತಿಕೆ ಬೇಕಾ?

ಲಾಭ ಎಷ್ಟು ಅಂತೀರಿ? ದಿನಕ್ಕೆ 14 ಲೀಟರ್ ಹಾಕುತ್ತಿದ್ದೆ. ಆ ಜಾಸ್ತಿ ಫ್ಯಾಟಿಗೆ ದಿನಕ್ಕೆ ಇಪ್ಪತ್ತೈದು ರೂಪಾಯಿ ಆಸುಪಾಸು ಬರುತ್ತಿತ್ತು. ಇಪ್ಪತ್ತೈದು ರೂಪಾಯಿ! ನಾನು ಅಷ್ಟಕ್ಕೆ ಬಿದ್ದೆ ಅಂತ ಈಗಲೂ ನಾಚಿಕೆ. ಆಗ ಮನಸ್ಸು ಎಂಥೆಂಥ ಸಮಾಧಾನ ಹೇಳುತ್ತಿತ್ತು ಗೊತ್ತಾ? 'ಮಿನರಲ್ ಮಿಕ್ಸ್ಚರ್ ಕೊಡ್ತಿದೀನಲ್ಲ, ಅದರಿಂದ ಇರಬೇಕು.' 'ಸಂಘಕ್ಕೆ ಓಡಾಡಿ ನನ್ನ ಎಷ್ಟು ಬಸ್ ಚಾರ್ಜ್ ಖರ್ಚಾಗಿದೆ.' 'ನಾನೇನು ಕೇಳಿದ್ನಾ?' ಈ ಮೂರನೆಯ ಮಾತು ನಿಮ್ಮ ತಲೆಯೊಳಗೆ ಕೇಳಿಸಿದರೆ ಅಲ್ಲೇ ನಿಂತುಬಿಡಿ. ಅದು ಯಾವಾಗಲೂ ತಗೊಂಡ ಮೇಲೆ ಬರುವ ಮಾತು.

ನಮ್ಮೂರಲ್ಲಿ ಒಬ್ಬಳು ಅಜ್ಜಿ ಇದ್ದಾಳೆ. ಒಂದೇ ನಾಟಿ ಹಸು, ದಿನಕ್ಕೆ ಒಂದೂವರೆ ಲೀಟರ್ ಹಾಕುತ್ತಾಳೆ. ಅಕ್ಷರ ಬರಲ್ಲ, ಅಂಕಿ ಬರುತ್ತೆ. ಒಂದು ದಿನ ನನ್ನ ಹಿಂದೆ ನಿಂತಿದ್ದವಳು ಕೈಯಲ್ಲಿದ್ದ ಚೀಟಿ ಇಣುಕಿ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, 'ಏನವ್ವ, ನೀನು ಅಧ್ಯಕ್ಷೆ ಆದ್ಮೇಲೆ ಹಸೂಗೂ ಪ್ರಮೋಷನ್ನಾ?' ಅಂದಳು.

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಟೆಸ್ಟರ್ ಹುಡುಗಿ ನಗಲಿಲ್ಲ. ತಲೆ ಬಗ್ಗಿಸಿ ಮಿಷಿನ್ ಒರೆಸುತ್ತಾ ನಿಂತಳು. ಅವಳ ಕಿವಿ ಕೆಂಪಾಗಿತ್ತು. ಆ ಕಿವಿ ನೋಡಿ ನನಗೆ ಎದೆ ಧಸಕ್ಕೆಂದಿತು. ಇಪ್ಪತ್ತೈದು ರೂಪಾಯಿಗೆ ನಾನು ನನ್ನೊಬ್ಬಳ ಮರ್ಯಾದೆ ಕಳೆದುಕೊಂಡಿದ್ದರೆ ಹೋಗಲಿ. ಅವಳದ್ದನ್ನೂ ಸೇರಿಸಿ ಕಳೆದಿದ್ದೆ.

ಮಾಡಿದ್ದು ಇಷ್ಟು. ಅವತ್ತು ಸಂಜೆ ನನ್ನ ಪಾಸ್‌ಬುಕ್ ತೆಗೆದು ಇಪ್ಪತ್ತೊಂದು ದಿನದ ಲೆಕ್ಕ ಹಾಕಿದೆ. ಹಳೇ ಫ್ಯಾಟಿನ ಸರಾಸರಿಗೆ ಬಂದಿದ್ದರೆ ಎಷ್ಟು, ಬಂದಿದ್ದು ಎಷ್ಟು. ವ್ಯತ್ಯಾಸ 540 ರೂಪಾಯಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಹಣ ಮೇಜಿನ ಮೇಲಿಟ್ಟು, 'ಇದು ನನಗೆ ಸೇರಬೇಕಾದ್ದಲ್ಲ, ರಶೀದಿ ಬರೆಯಿರಿ' ಅಂದೆ. ಹುಡುಗಿಯ ಹೆಸರು ಎತ್ತಲಿಲ್ಲ. 'ನಾನು ನೋಡಿಯೂ ಸುಮ್ಮನಿದ್ದೆ' ಅಂದೆ. ಅದೇ ಸಭೆಯಲ್ಲಿ ಅವಳ ಕೆಲಸ ಕಾಯಂ ಮಾಡುವ ಠರಾವನ್ನೂ ಮುಂದಿಟ್ಟೆ. ಅದು ಬಾಕಿ ಇದ್ದಷ್ಟು ದಿನ ಅವಳ ಸೌಟು ನನಗೆ ಹೆದರುತ್ತಲೇ ಇರುತ್ತಿತ್ತು.

ಸಭೆ ಮುಗಿದ ಮೇಲೆ ಒಬ್ಬ ನಿರ್ದೇಶಕಿ, 'ಇಷ್ಟಕ್ಕೆಲ್ಲ ಯಾಕೆ ಹೇಳೋಕೆ ಹೋದ್ರಿ, ಮರ್ಯಾದೆ ಕಮ್ಮಿ ಆಗುತ್ತೆ' ಅಂದಳು. ಆಗಲಿಲ್ಲ. ಮುಂದೆ ಒಬ್ಬರ ಹಾಲು ವಾಪಸ್ ಕಳಿಸಬೇಕಾಗಿ ಬಂದಾಗ ಯಾರೂ 'ನಿಂದೇನು ಸಾಚಾನಾ?' ಅಂತ ಕೇಳಲಿಲ್ಲ. ಕೇಳಬಹುದಾಗಿದ್ದ ಪ್ರಶ್ನೆಯನ್ನು ನಾನೇ ಮೊದಲೇ ಕೇಳಿಕೊಂಡಾಗಿತ್ತು.

ಹಾಳೆಗೆ ವಾಪಸ್ ಬರೋಣ. ಬರೆದ ಒಂದೊಂದು ಸಾಲಿನ ಎದುರಿಗೂ ಒಂದು ಅಡ್ಡಗಟ್ಟು ಹಾಕಿ. 'ನಾನು ಒಳ್ಳೆಯವಳಾಗಿರ್ತೀನಿ' ಅನ್ನುವಂಥದ್ದು ಬೇಡ, ಅದು ನಾಲ್ಕು ದಿನ. ಕಣ್ಣಿಗೆ ಕಾಣುವಂಥದ್ದು ಬೇಕು. ನಾನು ಹಾಕಿಕೊಂಡದ್ದು: ನನ್ನ ಹಾಲನ್ನು ಎರಡು ಸಲ ಕಲಕಬೇಕು, ಎಲ್ಲರ ಎದುರಿಗೆ. ಬೂಸಾ ಚೀಲ ಕೊನೆಗೆ ಉಳಿದದ್ದು ನನ್ನದು. ಮುಂಗಡ ಐದು ವರ್ಷವೂ ಇಲ್ಲ. ಸಾಲಿನಲ್ಲಿ ಬಂದ ಕ್ರಮದಲ್ಲೇ ನಿಲ್ಲೋದು.

ಸಾಲು ಅಂದ ಕೂಡಲೇ ನೆನಪಾಯ್ತು. 2020ರ ಲಾಕ್‌ಡೌನಿನಲ್ಲಿ ಹಾಲು ತಗೊಳ್ಳೋದು ನಿಲ್ಲಲಿಲ್ಲ. ದೂರ ದೂರ ನಿಲ್ಲಿ ಅಂತ ಡೈರಿ ಮುಂದೆ ಸುಣ್ಣದಲ್ಲಿ ವೃತ್ತ ಬರೆಸಿದೆವು. ಮೂರು ದಿನ ಮೈಕಿನಲ್ಲಿ ಕೂಗಿದರೂ ಯಾರೂ ವೃತ್ತದೊಳಗೆ ನಿಲ್ಲಲಿಲ್ಲ. ನಾಲ್ಕನೇ ದಿನ ಮೈಕ್ ಇಟ್ಟು ಹತ್ತನೇ ವೃತ್ತದಲ್ಲಿ ಕ್ಯಾನ್ ಹಿಡಿದು ಸುಮ್ಮನೆ ನಿಂತೆ, ಬಿಸಿಲಿಗೆ. ಒಂದು ವಾರದಲ್ಲಿ ಸಾಲು ತಾನಾಗಿ ಸರಿಯಾಯಿತು. ಮೈಕಿಗೆ ಕೊಟ್ಟ ಬಾಡಿಗೆ ದಂಡ.

ಕೋಪಕ್ಕೆ ಒಂದು ಕೆಲಸ ಕೊಡಿ

ನನ್ನ ದೊಡ್ಡ ದೋಷ ಆಸೆಯಲ್ಲ, ಕೋಪ. ನಮ್ಮಪ್ಪನದ್ದೂ ಅದೇ. 'ರಕ್ತದಲ್ಲೇ ಬಂದಿದೆ' ಅಂತ ಹೇಳಿಕೊಂಡು ಬಹಳ ವರ್ಷ ಆರಾಮಾಗಿ ಇದ್ದೆ.

ಎರಡನೇ ವರ್ಷದ ಒಂದು ಬೆಳಗ್ಗೆ ಕರೆಂಟ್ ಇರಲಿಲ್ಲ. ಮಿಷಿನ್ ನಡೆಯಲ್ಲ ಅಂತ ಹಳೇ ಲ್ಯಾಕ್ಟೋಮೀಟರ್ ತೆಗೆದೆವು. ಹಾಲಿನಲ್ಲಿ ತೇಲಿಬಿಟ್ಟು ಹಾಲು ಗಟ್ಟಿಯೋ ತೆಳುವೋ ಅಂತ ನೋಡುವ ಗಾಜಿನ ಕೊಳವೆ ಅದು. ಡೈರಿ ಪಕ್ಕದ ಮನೆಯ ಒಬ್ಬ ಹೆಣ್ಣುಮಗಳು ಹಾಲು ತಂದಳು. ಗಂಡ ತೀರಿಕೊಂಡು ವರ್ಷ ಆಗಿತ್ತು, ಎರಡು ಹಸುವಿನಲ್ಲೇ ಸಂಸಾರ. ಲ್ಯಾಕ್ಟೋಮೀಟರ್ ಮುಳುಗಿ 25 ತೋರಿಸಿತು. ಒಳ್ಳೇ ಹಸುವಿನ ಹಾಲಾದರೆ 28ರ ಆಸುಪಾಸು ಇರಬೇಕು. ನಾನು ನಿಂತಲ್ಲೇ ಕೂಗಾಡಿದೆ. ನೀರು ಬೆರೆಸಿದ್ದೀಯ, ನಿನ್ನಿಂದ ಇಡೀ ಊರಿನ ಹಾಲಿಗೆ ರೇಟು ಬೀಳುತ್ತೆ ಅಂತೆಲ್ಲ ಅಂದೆ. ಅವಳು ಏನೂ ಮಾತಾಡದೇ ಕ್ಯಾನ್ ಅಲ್ಲೇ ಬಿಟ್ಟು ಹೋದಳು.

ಮುಕ್ಕಾಲು ಗಂಟೆ ಆದ ಮೇಲೆ ನಮ್ಮ ಕಾರ್ಯದರ್ಶಿ ಅದೇ ಹಾಲಿಗೆ ಮತ್ತೆ ಲ್ಯಾಕ್ಟೋಮೀಟರ್ ಬಿಟ್ಟಳು. 27 ದಾಟಿ ನಿಂತಿತು. ನೀರಲ್ಲ, ಬಿಸಿ. ಆಗತಾನೇ ಕರೆದ ಹಾಲು, ಹತ್ತು ಹೆಜ್ಜೆಯ ಮನೆ. ಬಿಸಿ ಹಾಲು ತೆಳುವಾಗಿರುತ್ತೆ, ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತೆ, ಡಿಗ್ರಿ ಕಮ್ಮಿ ತೋರಿಸುತ್ತೆ. ತರಬೇತಿಯಲ್ಲಿ ಹೇಳಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ನನ್ನ ಕೈಯಲ್ಲೇ ಬರೆದುಕೊಂಡಿದ್ದೆ. ಕೋಪ ಬಂದಾಗ ಗೊತ್ತಿದ್ದದ್ದೂ ಮರೆತುಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೂಗಿದ್ದು ನಲವತ್ತು ಜನರ ಎದುರಿಗೆ. ಕ್ಷಮೆ ಕೇಳಿದ್ದು ಮಾತ್ರ ಅವಳ ಮನೆಯ ಅಡುಗೆ ಮನೆಯಲ್ಲಿ, ಒಬ್ಬಳೇ ಇದ್ದಾಗ. ಅವಳು 'ಪರವಾಗಿಲ್ಲ ಬಿಡಕ್ಕ' ಅಂದಳು. ಆದರೆ ಮಾರನೇ ದಿನದಿಂದ ಅವಳ ಹಾಲನ್ನು ಅವಳ ಮಗ ತರುತ್ತಿದ್ದ. ಅವಳು ಬರಲಿಲ್ಲ. ಎಂಟು ದಿನ ನೋಡಿದೆ. ಆಮೇಲೆ ಬೆಳಗ್ಗೆ ಆರೂವರೆಗೆ, ಸಾಲು ತುಂಬಿದ ಹೊತ್ತಿನಲ್ಲಿ, ಅವಳ ಮನೆ ಬಾಗಿಲಿಗೆ ಹೋಗಿ ನಿಂತು, ಕೂಗಿದ ಗಂಟಲಿನಲ್ಲೇ ಹೇಳಿದೆ: 'ನಿನ್ನ ಹಾಲಲ್ಲಿ ನೀರಿರಲಿಲ್ಲ. ತಪ್ಪು ನಂದು. ನಂಗೆ ನೋಡೋಕೆ ಬರಲಿಲ್ಲ.' ಸಂಜೆ ಅವಳೇ ಕ್ಯಾನ್ ತಂದಳು. ಎಲ್ಲಿ ಕೂಗಿದ್ದೀರೋ ಅಲ್ಲೇ ಕ್ಷಮೆ ಕೇಳಬೇಕು, ಅಷ್ಟೇ ಜನರ ಎದುರಿಗೆ. ಅಡುಗೆ ಮನೆಯ ಕ್ಷಮೆ ನಮ್ಮ ಸಮಾಧಾನಕ್ಕೆ.

ಉಪಾಯ ಏನು ಅಂತ ಕೇಳುತ್ತೀರಿ. ಹತ್ತು ಎಣಿಸಿ, ನೀರು ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ನಡೆಯಲಿಲ್ಲ. ಹತ್ತು ಎಣಿಸುವಾಗ ಬೈಗುಳ ಇನ್ನೂ ಚೆನ್ನಾಗಿ ಜೋಡಣೆ ಆಗುತ್ತಿತ್ತು. ನನಗೆ ಹಿಡಿಸಿದ್ದು ಕೈಗೆ ಕೆಲಸ ಕೊಡೋದು. 'ಒಂದ್ನಿಮಿಷ, ಕ್ಯಾನ್ ತೊಳ್ಕೊಂಡು ಬರ್ತೀನಿ' ಅಂತ ಹೊರಗೆ ನಲ್ಲಿ ಹತ್ತಿರ ಹೋಗುತ್ತಿದ್ದೆ. ಕ್ಯಾನಿನ ಕುತ್ತಿಗೆಯ ಒಳಗೆ, ಮುಚ್ಚಳದ ಅಂಚಿನಲ್ಲಿ ಹಾಲಿನ ಜಿಡ್ಡು ಕೂತಿರುತ್ತೆ. ಅದನ್ನು ತಿಕ್ಕಿ ತೆಗೆಯೋಕೆ ಐದು ನಿಮಿಷ ಬೇಕು. ವಾಪಸ್ ಬರುವಾಗ ಕೇಳಬೇಕಾದ ಪ್ರಶ್ನೆ ಉಳಿದಿರುತ್ತಿತ್ತು, ಬೈಗುಳ ನಲ್ಲಿ ಕೆಳಗೆ ಹೋಗಿರುತ್ತಿತ್ತು. ಕೆಲವು ತಿಂಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ನಾನು ಕ್ಯಾನ್ ಎತ್ತಿಕೊಂಡರೆ, 'ಅಕ್ಕ ತೊಳೆಯೋಕೆ ಹೊರಟ್ರು, ಇವತ್ತು ಏನೋ ಇದೆ' ಅಂತ ನಗುತ್ತಿದ್ದರು. ನಗಲಿ. ಒಂದಂತೂ ಲಾಭ, ನಮ್ಮ ಡೈರಿಯಷ್ಟು ಚೊಕ್ಕ ಕ್ಯಾನ್ ಹೋಬಳಿಯಲ್ಲಿ ಇರಲಿಲ್ಲ.

ನಮ್ಮ ಕಡೆಯವರಿಗೆ ಗೊಮ್ಮಟನ ಕಥೆ ಹೇಳಿಕೊಡಬೇಕಾಗಿಲ್ಲ. ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆ ಎತ್ತಿಯೂ ಆಯ್ತು. ಕೆಳಕ್ಕೆ ಅಪ್ಪಳಿಸೋದೊಂದೇ ಬಾಕಿ. ಅಲ್ಲಿ ಮನಸ್ಸು ತಿರುಗಿ ಮೆಲ್ಲಗೆ ಇಳಿಸಿಬಿಟ್ಟ. ಚಿಕ್ಕವಳಿದ್ದಾಗ ಎತ್ತಿದ್ದೇ ದೊಡ್ಡದು ಅನಿಸುತ್ತಿತ್ತು. ಆ ಹೆಣ್ಣುಮಗಳಿಗೆ ಬೈದ ವರ್ಷದಿಂದ ಇಳಿಸಿದ್ದರ ಕಡೆಗೇ ಗಮನ ಹೋಗುತ್ತೆ.

ಮಾತು ಕೊಡುವ ಮುಂಚೆ ಕ್ಯಾಲೆಂಡರ್ ನೋಡಿ

2022ರಲ್ಲಿ ಚರ್ಮಗಂಟು ರೋಗ ಬಂತು. ಹಸುವಿನ ಮೈಮೇಲೆ ಗಂಟು, ಜ್ವರ, ಹಾಲು ಅರ್ಧಕ್ಕೆ ಇಳಿಯೋದು. ಸೊಳ್ಳೆ, ನೊಣ, ಉಣ್ಣೆಯಿಂದ ಹರಡುವ ರೋಗ, ಒಂದು ಕೊಟ್ಟಿಗೆಗೆ ಬಂದರೆ ಪಕ್ಕದ್ದಕ್ಕೆ ಬಂದೇ ಬರುತ್ತಿತ್ತು. ದಿನಕ್ಕೆ ಏಳೆಂಟು ಜನ ನನ್ನ ಹತ್ತಿರ ಬರುತ್ತಿದ್ದರು. ಎಲ್ಲರಿಗೂ 'ಡಾಕ್ಟರ್‌ನ ಕಳಿಸ್ತೀನಿ, ನೀನು ಹೋಗು' ಅನ್ನುತ್ತಿದ್ದೆ. ಹೇಳುವಾಗ ನಿಜವಾಗಿಯೂ ಕಳಿಸುವ ಮನಸ್ಸೇ. ಒಬ್ಬರ ಹೆಸರು ಮರೆತುಹೋಯಿತು. ಅವರು ಬೇರೆಯವರನ್ನು ಕರೆಯದೇ ನನ್ನ ಮಾತು ನಂಬಿ ಮೂರು ದಿನ ಕಾದರು. ನಾಲ್ಕನೇ ದಿನ ಕರು ಹೋಯಿತು. ಡಾಕ್ಟರ್ ಬಂದಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಅವರು ಕಾದದ್ದು ನನ್ನಿಂದ.

ಅವತ್ತಿನಿಂದ ಗೋಡೆಯ ಕ್ಯಾಲೆಂಡರ್‌ಗೆ ಪೆನ್ನು ಕಟ್ಟಿ ನೇತುಹಾಕಿದೆ. ಯಾರಿಗಾದರೂ 'ಮಾಡ್ತೀನಿ' ಅಂದರೆ ಅವರ ಎದುರಿಗೇ ಆ ತಾರೀಖಿನ ಮನೆಯಲ್ಲಿ ಬರೆಯೋದು. ಆದ ಮೇಲೆ ಗೀಟು ಹಾಕೋದು. ಆ ತಾರೀಖಿನ ಮನೆಯಲ್ಲಿ ಬರೆಯೋಕೆ ಜಾಗ ಇಲ್ಲ ಅಂದರೆ 'ಇವತ್ತು ನನ್ನ ಕೈಲಿ ಆಗಲ್ಲ, ನೀವೇ ಫೋನ್ ಮಾಡಿ' ಅನ್ನೋದು. ಮೊದಮೊದಲು ಬೇಜಾರು ಮಾಡಿಕೊಂಡರು. ಒಂದೆರಡು ತಿಂಗಳಲ್ಲಿ, ನಾನು ಬರೆದದ್ದನ್ನು ನೋಡಿದ ಮೇಲೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

'ನೋಡೋಣ' ಅನ್ನೋ ಪದವನ್ನು ಬಿಟ್ಟುಬಿಡಿ. ನಮ್ಮಲ್ಲಿ 'ನೋಡೋಣ' ಅಂದರೆ ಹೇಳಿದವರಿಗೆ 'ಇಲ್ಲ', ಕೇಳಿದವರಿಗೆ 'ಹೂಂ'.

ಸಣ್ಣಪುಟ್ಟವು, ಆದರೆ ಬಿಡಬೇಡಿ

ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕಾರ್ಯದರ್ಶಿ ಎಷ್ಟೇ ಒಳ್ಳೆಯವಳಾದರೂ, ನಿಮಗೆ ಮದುವೆಗೆ ಹೋಗುವ ಅವಸರ ಇದ್ದರೂ. ಅವಳ ಮೇಲೆ ಅನುಮಾನ ಅಂತಲ್ಲ. ಸಹಿ ಹಾಕುವ ಮುಂಚೆ ಓದೋದು ನಮ್ಮ ಸೋಮಾರಿತನಕ್ಕೆ ಹಾಕುವ ಮೂಗುದಾರ.

ಯಾರ ಹಾಲು ವಾಪಸ್ ಹೋಯಿತು, ಯಾರ ಮನೆಯಲ್ಲಿ ಬಟವಾಡೆ ದುಡ್ಡು ಗಂಡ ಕುಡಿದು ಮುಗಿಸಿದ, ಇಂಥದ್ದೆಲ್ಲ ಅಧ್ಯಕ್ಷೆಯ ಕಿವಿಗೆ ಬರುತ್ತೆ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಬೇಕು ಅಂತ ನಾಲಿಗೆ ತುರಿಸುತ್ತೆ. ನಾನು ಬಸ್ಸು ಹತ್ತಿದ ಕೂಡಲೇ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಳ್ಳೇ ಅಭ್ಯಾಸ ಅಲ್ಲ, ಗೊತ್ತು.

ಬೆಳಗ್ಗೆ ಬೇಗ ಏಳೋದನ್ನ ದೊಡ್ಡ ಶಿಸ್ತು ಅಂತ ಈಗ ಮೊಬೈಲಿನಲ್ಲಿ ಬಹಳ ಜನ ಹೇಳುತ್ತಾರೆ. ಹಸು ಸಾಕುವ ಹೆಂಗಸರು ನಾಲ್ಕೂವರೆಗೆ ಎದ್ದೇ ಏಳುತ್ತಾರೆ, ಅದರಿಂದ ಯಾರೂ ನಾಯಕಿ ಆಗಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಪಕ್ಕಕ್ಕಿಟ್ಟು ಮಲಗಿ, ಅದು ಕಷ್ಟ. ನಿದ್ದೆ ಕೆಟ್ಟ ದಿನವೇ ನಾನು ಜಾಸ್ತಿ ಕೂಗಾಡಿದ್ದು.

ಇನ್ನು ಮನೆಯವರು. ಮಹಿಳಾ ಸಂಘ ಅಂತ ಬೋರ್ಡ್ ಇದ್ದರೂ ಸಭೆಗೆ ಅಧ್ಯಕ್ಷೆಯ ಗಂಡ ಬಂದು ಕೂರುವುದು ನಮ್ಮ ಕಡೆ ಹೊಸದಲ್ಲ. ನಮ್ಮವರೂ ಮೊದಲ ಸಭೆಗೆ ಬಂದರು, 'ಅವಳಿಗೆ ಲೆಕ್ಕ ಗೊತ್ತಾಗಲ್ಲ' ಅಂತ. ನಾನು ಮನೆಯಲ್ಲಿ ಹೇಳಬೇಕಾದ್ದನ್ನು ಮನೆಯಲ್ಲಿ ಹೇಳಿರಲಿಲ್ಲ, ಹೆದರಿಕೆ. ಎರಡನೇ ಸಭೆಯ ಹಿಂದಿನ ರಾತ್ರಿ ಹೇಳಿದೆ. ಒಂದು ವಾರ ಮಾತು ಬಿಟ್ಟರು. ಆಮೇಲೆ ಸಭೆಯ ದಿನ ಸಂಜೆ ಹಾಲು ಅವರೇ ಕರೆಯೋಕೆ ಶುರು ಮಾಡಿದರು. ಹಸು ಮೊದಲ ದಿನ ಒದೆಯಿತು. ಆ ಬಗ್ಗೆ ನಾನು ನಕ್ಕಿಲ್ಲ ಅಂತ ಇಲ್ಲಿ ಬರೆಯಲಾರೆ.

ನಿಮ್ಮ ಗುಳ್ಳಕಾಯಜ್ಜಿ ಯಾರು?

ದೊಡ್ಡಬೆಟ್ಟದ ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಿದವರೆಲ್ಲ ಗೊಮ್ಮಟನನ್ನು ತಲೆ ಎತ್ತಿ ನೋಡುತ್ತಾರೆ. ಐವತ್ತೇಳು ಅಡಿ, ನೋಡದೇ ಇರೋಕಾಗುತ್ತಾ? ಎದುರಿಗೆ ನಿಂತಿರುವ ಸಣ್ಣ ಮುದುಕಿಯ ವಿಗ್ರಹವನ್ನು ಅರ್ಧ ಜನ ಗಮನಿಸಲ್ಲ. ಕೈಯಲ್ಲಿ ಬದನೆ ಜಾತಿಯ ಗುಳ್ಳಕಾಯಿ ಹಿಡಿದಿದ್ದಾಳೆ, ಅದಕ್ಕೇ ಗುಳ್ಳಕಾಯಜ್ಜಿ. ಗಂಗರ ಮಂತ್ರಿ ಚಾವುಂಡರಾಯ ಮೂರ್ತಿ ಮಾಡಿಸಿ ಅಭಿಷೇಕಕ್ಕೆ ನಿಂತಾಗ ಕೊಡಗಟ್ಟಲೆ ಹಾಲು ಸುರಿದರೂ ಪಾದದವರೆಗೆ ಇಳಿಯಲಿಲ್ಲವಂತೆ. 'ಇಂಥದ್ದನ್ನು ನಾನು ಮಾಡಿಸಿದೆ' ಅನ್ನೋ ಹಮ್ಮು ಅವನೊಳಗೆ ಇತ್ತು ಅಂತ ಹಿರಿಯರು ಹೇಳುತ್ತಾರೆ. ಕೊನೆಗೆ ಈ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದಿದ್ದ ಒಂದಿಷ್ಟು ಹಾಲು ಹಾಕಿದಾಗ ಮೂರ್ತಿ ಪೂರ್ತಿ ತೋಯ್ದು ಹಾಲು ಬೆಟ್ಟದಿಂದ ಕೆಳಗೂ ಹರಿಯಿತು.

ನನಗೆ ಈ ಕಥೆಯಲ್ಲಿ ಇಷ್ಟ ಆಗೋದು ಆಮೇಲಿನ ಭಾಗ. ತನ್ನ ಹಮ್ಮು ಮುರಿದವಳನ್ನು ಅವನು ಮರೆಸಿಬಿಡಬಹುದಿತ್ತು. ಬದಲಿಗೆ ಅವಳ ವಿಗ್ರಹವೂ ಅಲ್ಲೇ, ದೇವರ ಎದುರಿಗೇ ನಿಂತಿದೆ. ಬಂದವರಿಗೆಲ್ಲ ಗೊತ್ತಾಗುವ ಹಾಗೆ.

ನಿಮಗೂ ಒಬ್ಬಳು ಬೇಕು. ಎಲ್ಲರೂ ತಲೆ ಆಡಿಸುವಾಗ ಆಡಿಸದವಳು. ಅವಳಿಗೆ ನಿಮ್ಮಿಂದ ಏನೂ ಬೇಕಾಗಿರಬಾರದು, ಇದು ಮುಖ್ಯ. ಓರಗಿತ್ತಿ ಬೇಡ, ಗೆಳತಿ ಬೇಡ, ಮುಂದಿನ ಚುನಾವಣೆಗೆ ನಿಲ್ಲುವವಳಂತೂ ಬೇಡವೇ ಬೇಡ. ನಾನು ಆ ಪ್ರಮೋಷನ್ ಅಜ್ಜಿಯ ಹತ್ತಿರಾನೇ ಹೋದೆ. 'ಅಜ್ಜಿ, ವಾರಕ್ಕೊಂದ್ಸಲ ನನ್ನ ಚೀಟಿ ನೋಡಿ ಎಲ್ಲರ ಎದುರಿಗೆ ಗಟ್ಟಿಯಾಗಿ ಓದು. ಬೇರೆ ಏನಾದ್ರೂ ತಪ್ಪು ಕಂಡ್ರೆ ಅದನ್ನೂ ಹೇಳು' ಅಂದೆ. 'ನಂಗ್ಯಾಕವ್ವ ಊರ ಉಸಾಬರಿ' ಅಂದಳು. ಆದರೆ ಸೋಮವಾರ ತಪ್ಪದೇ ಓದುತ್ತಿದ್ದಳು.

ಚೀಟಿ ಓದೋದು ಸುಲಭ. 'ಬೇರೆ ಏನಾದ್ರೂ' ಅಂದದ್ದು ಕಷ್ಟ. ಒಂದು ಸಲ, 'ನೀನು ಬಡವರು ಮಾತಾಡುವಾಗ ಫೋನ್ ನೋಡ್ತೀಯ, ಪೇಟೆಯವರು ಬಂದ್ರೆ ಎದ್ದು ನಿಲ್ತೀಯ' ಅಂದಳು. ಎರಡು ದಿನ ಅವಳನ್ನು ಕಂಡರೆ ದಾರಿ ಬದಲಿಸಿ ಹೋದೆ. ಮೂರನೇ ದಿನ ಫೋನನ್ನು ಡೈರಿಯ ಬೀರುವಿನೊಳಗೆ ಇಡೋಕೆ ಶುರು ಮಾಡಿದೆ. ಅಜ್ಜಿ ಹೇಳಿದ್ದು ಸರಿ ಅಂತ ಅವಳಿಗೆ ಬಾಯಿಬಿಟ್ಟು ಹೇಳೋಕೆ ಇನ್ನೂ ಒಂದು ತಿಂಗಳು ಬೇಕಾಯಿತು.

ಇಳಿಯೋದನ್ನು ಹತ್ತಿದ ದಿನವೇ ಗೊತ್ತು ಮಾಡಿ

ಐದು ವರ್ಷ ಮುಗಿಯುವಾಗ 'ಇನ್ನೊಂದು ಸಲ ನೀವೇ ಇರಿ' ಅಂತ ಹೇಳುವವರು ಇರುತ್ತಾರೆ. ಕೇಳೋಕೆ ಬಹಳ ಹಿತ. ನಾನು ಮೊದಲ ವರ್ಷವೇ ಕ್ಯಾಲೆಂಡರ್ ಹಿಂದೆ 'ಒಂದೇ ಅವಧಿ' ಅಂತ ಬರೆದು ತಾರೀಖು ಹಾಕಿದ್ದೆ. ಹಾಗೆ ಬರೆದಿರದಿದ್ದರೆ 2023ರಲ್ಲಿ ಖಂಡಿತ ಉಳಿದುಕೊಳ್ಳುತ್ತಿದ್ದೆ.

ನಮ್ಮ ಊರೂರಿನ ಡೈರಿಗೆ ಮೂಲ ಗುಜರಾತಿನ ಖೇಡಾ ಜಿಲ್ಲೆಯ ಸಂಘ. 1946ರಲ್ಲಿ ಅದನ್ನು ಕಟ್ಟಿ ಅಧ್ಯಕ್ಷರಾಗಿದ್ದವರು ತ್ರಿಭುವನದಾಸ್ ಪಟೇಲ್. ಅಮುಲ್‌ನ ಕುರಿಯನ್ ಅವರ ಹೆಸರು ಎಲ್ಲರಿಗೂ ಗೊತ್ತು, ಇವರದ್ದು ಅಷ್ಟು ಗೊತ್ತಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಅವರು ತಾವಾಗಿಯೇ ಕುರ್ಚಿ ಬಿಟ್ಟರು. ಹಳ್ಳಿಯವರು ಪ್ರೀತಿಯಿಂದ ಒಟ್ಟು ಮಾಡಿ ಕೊಟ್ಟ ಹಣವನ್ನು ಹೆಂಗಸರು ಮಕ್ಕಳ ಆರೋಗ್ಯ ನೋಡುವ ಟ್ರಸ್ಟ್ ಮಾಡೋಕೆ ಹಾಕಿದರು. ತರಬೇತಿಯಲ್ಲಿ ಇದನ್ನು ಕೇಳಿದಾಗ ನನಗೆ 540 ರೂಪಾಯಿ ನೆನಪಾಗಿ ಕುತ್ತಿಗೆ ಬಿಸಿಯಾಯಿತು.

ಇಳಿಯುವಾಗ ಮಾಡಬೇಕಾದ್ದು: ಬೀಗದ ಕೈ, ಪುಸ್ತಕ, ಬಾಕಿ ಇರುವ ಮಾತುಗಳ ಪಟ್ಟಿ. ಮೂರನೆಯದನ್ನು ಯಾರೂ ಕೊಡಲ್ಲ. ನನ್ನ ಕ್ಯಾಲೆಂಡರಿನಲ್ಲಿ ಗೀಟು ಬೀಳದ ಹನ್ನೊಂದು ಮಾತು ಉಳಿದಿದ್ದವು. ಅವುಗಳನ್ನು ಬರೆದು, ಯಾರಿಗೆ, ಯಾವಾಗ, ಯಾಕೆ ಆಗಲಿಲ್ಲ ಅಂತ ಹೇಳಿ ಹೊಸ ಅಧ್ಯಕ್ಷೆಯ ಕೈಗೆ ಕೊಟ್ಟೆ. ಆಮೇಲೆ ಆರು ತಿಂಗಳು ಡೈರಿಯ ಒಳಗೆ ಕಾಲಿಡಲಿಲ್ಲ. ಹಾಲು ಹಾಕಿ, ಚೀಟಿ ತಗೊಂಡು, ಸೀದಾ ಮನೆ. ಸಲಹೆ ಕೇಳಿದರೆ ಮಾತ್ರ ಬಾಯಿ. ಐದು ವರ್ಷದಲ್ಲಿ ಮಾಡಿದ್ದೆಲ್ಲದಕ್ಕಿಂತ ಇದು ಕಷ್ಟ ಆಯಿತು ಅಂದರೆ ನಂಬಿ. ಅವಳು ಬೂಸಾ ಲೋಡನ್ನು ತಪ್ಪು ಜಾಗದಲ್ಲಿ ಇಳಿಸಿದ ದಿನ ನಾನು ಮನೆಯಲ್ಲಿ ಮೂರು ಕ್ಯಾನ್ ತೊಳೆದೆ. ಇದ್ದದ್ದೇ ಎರಡು, ಒಂದನ್ನು ಮತ್ತೆ ತೊಳೆದೆ.

ಮೊನ್ನೆ ಸೋಮವಾರ ಬೆಳಗ್ಗೆ ಸಾಲಿನಲ್ಲಿ ನಿಂತಿದ್ದೆ. ಈಗಿನ ಅಧ್ಯಕ್ಷೆ ನನಗಿಂತ ನಾಲ್ಕು ಜನ ಹಿಂದೆ. ಟೆಸ್ಟರ್ ಅವಳ ಹಾಲನ್ನು ಎರಡು ಸಲ ಕಲಕಿದಳು. ಚೀಟಿ ಬಂದ ಮೇಲೆ ಅವಳು ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಕೈಗೆ ಕೊಟ್ಟಳು. ಅಜ್ಜಿಗೆ ಈಗ ಕಣ್ಣು ಮಂಜು. ಚೀಟಿಯನ್ನು ದೂರ ಹಿಡಿದು, ಹತ್ತಿರ ತಂದು, ಬೆಳಕಿಗೆ ತಿರುಗಿಸಿ ನೋಡಿದಳು.

'ಮೂರು ಏಳು' ಅಂತ ಗಟ್ಟಿಯಾಗಿ ಓದಿ ವಾಪಸ್ ಕೊಟ್ಟಳು.